ನಲವತ್ತಮೂರು ಅಕ್ಷರಗಳ ಗುರುತು

ಒಬ್ಬಳೇ ಹುಡುಗಿ ಹತ್ತು ನಿಮಿಷದೊಳಗೆ ಮೂರು ಸಲ ಬಾಗಿಲು ಬಡಿದು, ಒಮ್ಮೆ ಮಹಾರಾಷ್ಟ್ರದಿಂದ ಬಂದೆ, ಇನ್ನೊಮ್ಮೆ ಕರ್ನಾಟಕದಿಂದ ಬಂದೆ, ಮತ್ತೆ ಮಹಾರಾಷ್ಟ್ರದಿಂದಲೇ ಬಂದೆ ಎಂದರೆ ಯಾವ ಕಾವಲುಗಾರನಿಗಾದರೂ ಅನುಮಾನ ಬರುತ್ತದೆ. ವಿಶ್ವವಿದ್ಯಾಲಯದ ಕ್ಲಸ್ಟರಿಗೂ ಬಂತು. ಅದು ಮನಿಷಾಳ ಖಾತೆಗೆ ಬೀಗ ಜಡಿದು ಸುಮ್ಮನಾಯಿತು.

ಕ್ಲಸ್ಟರ್ ಎಂದರೆ ಪುಣೆಯ ಕಡೆಯ ಒಂದು ವಿಶ್ವವಿದ್ಯಾಲಯದ ತಣ್ಣನೆಯ ಕೋಣೆಯಲ್ಲಿ ಸಾಲಾಗಿ ನಿಂತು, ಎಲ್ಲ ಸೇರಿ ಒಂದೇ ಯಂತ್ರದಂತೆ ದುಡಿಯುವ ನೂರಿಪ್ಪತ್ತು ಕಂಪ್ಯೂಟರುಗಳು. ಮನಿಷಾ ಅಲ್ಲಿಂದ ಬಹಳ ದೂರದಲ್ಲಿದ್ದಳು. ಕರ್ನಾಟಕದ ಗಡಿಗೆ ಹತ್ತಿಕೊಂಡ ಜತ್ತ ತಾಲೂಕಿನ ತಿಕೋಂಡಿಯಲ್ಲಿ, ತನ್ನ ಮನೆಯ ಮಾಳಿಗೆಯ ಮೇಲೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ತಲೆಗೆ ಓಢಣಿ ಹೊದ್ದು ಕುಳಿತಿದ್ದಳು. ಅವಳ ಪಿಎಚ್‌ಡಿ ಕುರಿಗಳ ಕೆಮ್ಮಿನ ಮೇಲೆ. ಯಾವ ಕೆಮ್ಮು ಬರೀ ಧೂಳಿನದು, ಯಾವುದು ರೋಗದ ಮೊದಲ ಸುಳಿವು ಎಂದು ಕಂಪ್ಯೂಟರಿಗೆ ಕಲಿಸುವುದು. ಕುರಿ ಕಾಯುವ ಅಮೋಗಸಿದ್ದನ ಮಗಳಿಗೆ ಬೇರೆ ಯಾವ ವಿಷಯ ತಾನೇ ಹೊಳೆದೀತು.

ಫೋನು ಬಂತು. ಮಾತಾಡಿದವನು ಕ್ಲಸ್ಟರ್ ನೋಡಿಕೊಳ್ಳುವವನು. ಪೊಲೀಸ್ ಠಾಣೆಯ ಗಡಸಿನಲ್ಲಿ, ಮರಾಠಿಯಲ್ಲಿ, ಪಾಸ್‌ವರ್ಡನ್ನು ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳಿದ. ಯಾರಿಗೂ ಕೊಟ್ಟಿಲ್ಲ ಎಂದು ಮನಿಷಾ ಮರಾಠಿಯಲ್ಲೇ ಹೇಳಿದಳು. ಹಾಗಾದರೆ ಎರಡು ರಾಜ್ಯದಲ್ಲಿ ಏಕಕಾಲಕ್ಕೆ ಹೇಗಿರುತ್ತೀರಿ ಎಂದ. ನೀರಿನ ಟಾಕಿಯ ಕಡೆ ಕುಳಿತರೆ ಮೊಬೈಲಿಗೆ ಮಹಾರಾಷ್ಟ್ರದ ಟವರ್ ಸಿಗುತ್ತದೆ, ದಕ್ಷಿಣದ ಮೂಲೆಗೆ ಹೋದರೆ ಕರ್ನಾಟಕದ್ದು, ಒಂದು ಕಡಿದರೆ ಇನ್ನೊಂದರ ಕಡೆ ಸರಿಯುತ್ತೇನೆ ಎಂದಳು.

ಅವನು ನಂಬಲಿಲ್ಲ. ಹತ್ತು ನಿಮಿಷ ಖಾತೆ ತೆರೆದಿಡುತ್ತೇನೆ, ನಡೆದು ತೋರಿಸಿ ಎಂದ.

ಮನಿಷಾ ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಫೋನು ಹಿಡಿದು ಟಾಕಿಯ ಪಕ್ಕ ನಿಂತಳು. ಆ ಕಡೆಯಿಂದ "ಮಹಾರಾಷ್ಟ್ರ" ಎಂದು ದನಿ ಬಂತು. ಎಂಟು ಹೆಜ್ಜೆ ಎಣಿಸಿ ಹೇಳುತ್ತ ದಕ್ಷಿಣದ ಮೂಲೆಗೆ ನಡೆದಳು. ತುಸು ಹೊತ್ತಿಗೆ "ಕರ್ನಾಟಕ" ಎಂದಿತು. ಮತ್ತೆ ಟಾಕಿ, ಮತ್ತೆ ಮೂಲೆ. ಕೆಳಗೆ ಅಂಗಳದಲ್ಲಿ ನೀರು ತುಂಬಲು ಬಂದಿದ್ದ ಪಕ್ಕದ ಮನೆಯ ಯಮನವ್ವ, ಹುಡುಗಿಗೆ ಏನಾಗಿದೆಯೋ ಎಂದು ಕೊಡ ಕೆಳಗಿಟ್ಟು ನೋಡತೊಡಗಿದಳು.

ಆಮೇಲೆ ಫೋನಿನಲ್ಲಿ ಠಾಣೆಯ ಗಡಸೆಲ್ಲ ಕರಗಿ, ಅಪ್ಪಟ ಕನ್ನಡ ಕೇಳಿಸಿತು.

"ಎಂಟ್ ಹೆಜ್ಜಿಗೆ ರಾಜ್ಯ ದಾಟ್ತೀರಲ್ರಿ ಮ್ಯಾಡಮ್."

"ನೀವು ಕನ್ನಡದಾವ್ರೇನ್ರಿ?"

"ನಿಮ್ಮ ಜತ್ತ ತಾಲೂಕಿನ ಬಾಲಗಾಂವದಾವ್ರಿ. ಕಲ್ಮೇಶ ಅಂತ. ನಮ್ಮನಿ ಮಾಳಗಿ ಮ್ಯಾಲೂ ಹಿಂಗ ಆಗ್ತೈತಿ. ನನಗ ಮೊದಲ ಹೊಳೀಬೇಕಾಗಿತ್ತು."

ಮನಿಷಾ ಜೋರಾಗಿ ನಕ್ಕಳು. ನಕ್ಕ ಮೇಲೆ ತನ್ನ ನಗುವಿನ ಸಪ್ಪಳವೇ ತನಗೆ ಹೊಸದೆನಿಸಿ ಸುಮ್ಮನಾದಳು. ಮನೆಯಲ್ಲಿ ಯಾರಾದರೂ ನಕ್ಕು ಒಂಬತ್ತು ದಿನವಾಗಿತ್ತು.

ದೀಪಾವಳಿ ಮುಗಿದ ಮೇಲೆ ಅಪ್ಪ ಅಮೋಗಸಿದ್ದ, ಅವ್ವ ಸಾವಿತ್ರವ್ವ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದರು. ಪ್ರತಿ ವರ್ಷದ ರೂಢಿ ಅದು. ಅಲ್ಲಿ ಗೊಬ್ಬರಕ್ಕೆಂದು ಹೊಲದಿಂದ ಹೊಲಕ್ಕೆ ಕುರಿ ನಿಲ್ಲಿಸುತ್ತ, ಯುಗಾದಿಯ ಹೊತ್ತಿಗೆ ತಿರುಗಿ ಬರುವುದು. ಮನಿಷಾಳಿಗೆ ಹಾಸ್ಟೆಲಿನ ಅವಧಿ ಮುಗಿದಿತ್ತು. ಉಳಿದ ಕೆಲಸವನ್ನು ಎಲ್ಲಿ ಕುಳಿತಾದರೂ ಮಾಡಬಹುದು ಎಂದು ಗೈಡ್ ಹೇಳಿದ್ದರು. ಹೀಗಾಗಿ ಹಿರಿಯರು ಊರು ಬಿಟ್ಟರು, ಮಗಳು ಮನೆಯಲ್ಲಿ ಉಳಿದಳು.

ಕೆಲಸವೆಂದರೆ ಕೇಳುವುದು. ಹೋದ ವರ್ಷ ಕುರಿಗಳು ಮನೆಯಲ್ಲಿದ್ದಾಗ ಹಟ್ಟಿಯಲ್ಲಿ ರೆಕಾರ್ಡ್ ಮಾಡಿದ್ದು ತೊಂಬತ್ತು ಜಿಬಿ ಇತ್ತು. ಬೆಳಗ್ಗೆ ಹೆಡ್‌ಫೋನ್ ಹಾಕಿಕೊಂಡರೆ ಸಂಜೆಯ ತನಕ ಕುರಿಗಳ ಬ್ಯಾ ಬ್ಯಾ, ಕೊರಳ ಗಂಟೆ, ಅಪ್ಪ ನಾಲಗೆ ಹೊರಳಿಸಿ ಹಿಂಡನ್ನು ಕರೆಯುವುದು, ಅವ್ವ ಯಾವುದೋ ಟಗರಿಗೆ ಬೈಯುವುದು. ಮನೆ ತುಂಬಿ ತುಳುಕುತ್ತಿತ್ತು. ಹೆಡ್‌ಫೋನ್ ತೆಗೆದರೆ ಏನೂ ಇಲ್ಲ. ಅದಕ್ಕೇ ಅವಳು ಊಟಕ್ಕೆ ಕುಳಿತಾಗಲೂ ಅದನ್ನು ತೆಗೆಯುತ್ತಿರಲಿಲ್ಲ.

ಮರುದಿನ ಕಲ್ಮೇಶನ ಇಮೇಲ್ ಬಂತು. ಇನ್ನು ಪಾಸ್‌ವರ್ಡ್ ಬೇಡ, ಈ ಕಮಾಂಡ್ ಕೊಟ್ಟು ಒಂದು ಕೀ ಮಾಡಿಕೊಳ್ಳಿ, ಮಾಡಿ ನನಗೆ ಕಳಿಸಿ ಎಂದಿತ್ತು. ಮನಿಷಾ ಮಾಡಿದಳು, ಕಳಿಸಿದಳು. ಐದು ನಿಮಿಷಕ್ಕೆ ಫೋನು.

"ಮನಿಷಾ ಅವ್ರ, ಏನ್ ಕಳ್ಸೀರಿ ಗೊತ್ತೈತೇನ್ರಿ?"

"ನೀವ್ ಕೇಳಿದ್ದ ಕಳ್ಸೇನ್ರಿ. ಕೀ."

"ಎರಡು ಫೈಲ್ ಆಗಿದ್ವಲ್ರಿ? ಒಂದು ಕೀಲಿ ಅಂದ್ರ ಬೀಗ, ಒಂದು ಅದರ ಕೀಲಿಕೈ. ಕೀಲಿ ನನಗ ಕೊಟ್ರ ಇಲ್ಲಿ ಬಾಗಲಕ್ಕ ಹಾಕ್ತೀನಿ. ತೆಗಿಯೂ ಕೀಲಿಕೈ ನಿಮ್ಮ ಹಂತೇಕನ ಇರಬೇಕು. ನೀವ್ ಕೀಲಿಕೈನ ಕಳ್ಸಿಬಿಟ್ಟೀರಿ."

ಮನಿಷಾಳ ಕಿವಿ ಬಿಸಿಯಾಯಿತು. ಮಾಸ್ಟರ್ಸ್ ಮಾಡಿದವಳು, ಫೆಲೋಶಿಪ್ ಪಡೆದವಳು. "ಹಂಗಾದ್ರ ಈಗೇನ್ ಮಾಡೂದ್ರಿ?"

"ಬಂದದ್ದನ್ನ ನಾ ಅಳಿಸೇನಿ. ಆದ್ರೂ ಅದು ಹೋತು ಅಂತ ತಿಳ್ಕೊಂಡು ಹೊಸಾ ಜೋಡಿ ಮಾಡ್ಕೊಳ್ರಿ."

"ನೀವ್ ಅಳಿಸೀರಿ ಅಂದ ಮ್ಯಾಲ ಮತ್ತ್ಯಾಕ್ರಿ?"

"ನಾ ಚಲೋ ಮನಷ್ಯಾ ಅಂತ ನಿಮಗ ಹೆಂಗ ಗೊತ್ತು?"

ಎರಡು ದಿನದ ಪರಿಚಯದ ಮನುಷ್ಯ ತನ್ನನ್ನೇ ನಂಬಬೇಡ ಎಂದು ಹೇಳಿಕೊಡುತ್ತಿದ್ದ. ಅಲ್ಲಿಗೇ ಅವಳು ಅವನನ್ನು ನಂಬಿಬಿಟ್ಟಳು ಎಂಬುದು ಬೇರೆ ಮಾತು.

ಹೊಸ ಜೋಡಿಯಾಯಿತು. ಈ ಸಲ ಕೀಲಿಯೇ ಹೋಯಿತು. ಮೊದಲ ಸಲ ಒಳಗೆ ಹೋಗುವಾಗ ಪರದೆಯ ಮೇಲೆ ಒಂದು ಉದ್ದದ ಅಕ್ಷರಮಾಲೆ ಮೂಡಿ, ಇದು ಈ ಯಂತ್ರದ ಗುರುತು, ಮುಂದುವರಿಯಲೇ ಎಂದು ಕೇಳಿತು. ಮನಿಷಾಳ ಬೆರಳು ಎಸ್ ಎಂದು ಟೈಪಿಸಲು ಹೊರಟಿತ್ತು.

"ನಿಂದರ್ರಿ," ಎಂದ ಕಲ್ಮೇಶ. "ನಡುವ ಯಾರರ ಕುಂತು, ನಾನ ಕ್ಲಸ್ಟರ್ ಅಂತ ಹೇಳಿದ್ರ ನಿಮಗ ಹೆಂಗ ತಿಳೀತೈತಿ? ಗುರ್ತು ಯಾವ ದಾರೀಲೆ ಬಂದೈತಿ, ಅದ ದಾರೀಲೆ ಅದನ್ನ ಖರೆ ಮಾಡ್ಕೋಬಾರ್ದು. ಬ್ಯಾರೆ ದಾರೀಲೆ ಕೇಳಬೇಕು. ಈಗ ನಾ ಇಲ್ಲಿಂದ ಓದ್ತೀನಿ. ನೀವ್ ಅಲ್ಲಿ ನೋಡ್ಕೋತ ಹೋಗ್ರಿ."

ಓದಿದ. ದೊಡ್ಡ ಜಿ, ಸಣ್ಣ ಟಿ, ಏಳು, ದೊಡ್ಡ ಕ್ಯೂ. ಒಟ್ಟು ನಲವತ್ತಮೂರು ಅಕ್ಷರ. ಪ್ರತಿ ಅಕ್ಷರಕ್ಕೂ ನಿಂತು, ಅವಳು ಹೂಂ ಎಂದ ಮೇಲೆಯೇ ಮುಂದಿನದು. ಎರಡು ನಿಮಿಷ ಹಿಡಿಯಿತು. ತನ್ನ ಹೂಂಗಾಗಿ ಇಷ್ಟು ತಾಳ್ಮೆಯಿಂದ ಕಾದವರು ಇದುವರೆಗೆ ಯಾರೂ ಇರಲಿಲ್ಲ ಎಂದು ಮನಿಷಾಳಿಗೆ ಅನಿಸಿತು.

"ಕೂಡ್ತೇನ್ರಿ ಎಲ್ಲಾ?"

"ಕೂಡ್ತು."

"ಈಗ ಎಸ್ ಹೊಡೀರಿ. ಒಂದ ಮಾತು ನೆನಪಿಡ್ರಿ. ಮುಂದ ಯಾವಾಗರ ಈ ಗುರ್ತು ಬದಲಾಗೇತಿ ಅಂತ ಅದು ಒದರಾಕತ್ರ, ಸುಮ್ಮನ ಎಸ್ ಹೊಡೀಬ್ಯಾಡ್ರಿ. ನೀವು ನಂಬೂ ಮಂದಿ ಕಡೆಯಿಂದ ಬ್ಯಾರೆ ದಾರೀಲೆ ಕೇಳ್ರಿ."

ಅಂದಿನಿಂದ ಫೈಲುಗಳ ಪ್ರಯಾಣ ಶುರುವಾಯಿತು. ಮೊಬೈಲಿನ ಡೇಟಾ ದಿನಕ್ಕೆ ಎರಡು ಜಿಬಿ. ತೊಂಬತ್ತನ್ನು ಎರಡೆರಡಾಗಿ ಸಾಗಿಸಲು ನಲವತ್ತೈದು ದಿನ. ನಡುವೆ ಟವರ್ ಬದಲಾಗಿ ಸಂಪರ್ಕ ಕಡಿಯುತ್ತಿತ್ತು. ಮತ್ತೆ ಮೊದಲಿಂದ ಕಳಿಸಬೇಕಿಲ್ಲ, ಎಲ್ಲಿ ಕಡಿಯಿತೋ ಅಲ್ಲಿಂದಲೇ ಎತ್ತಿಕೊಳ್ಳುವ ಕಮಾಂಡ್ ಒಂದಿದೆ ಎಂದು ಕಲ್ಮೇಶ ಅದನ್ನು ಹೇಳಿಕೊಟ್ಟ. ಎರಡೂ ರಾಜ್ಯದಿಂದ ಬಂದರೂ ಅವಳನ್ನು ತಡೆಯಬಾರದೆಂದು ಕಾವಲಿನಲ್ಲಿ ಒಂದು ಸಾಲು ಬರೆದ. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳಲು ಬೆಳಗ್ಗೆ ಹನ್ನೊಂದಕ್ಕೆ ಫೋನು ಮಾಡಿದ. ಮರುದಿನವೂ ಮಾಡಿದ. ಮೂರನೆಯ ದಿನ ಮಾಡಲಿಲ್ಲ.

ಮೂರನೆಯ ದಿನ ಮನಿಷಾ ಹನ್ನೊಂದೂಕಾಲರವರೆಗೆ ಕಾದಳು. ಆಮೇಲೆ ಫೋಲ್ಡರಿನ ಹೆಸರಿನಲ್ಲಿ ಬೇಕೆಂದೇ ಒಂದು ಅಕ್ಷರ ತಪ್ಪು ಹೊಡೆದು, ಬಂದ ಎರರನ್ನು ಒಮ್ಮೆ ಪ್ರೀತಿಯಿಂದ ನೋಡಿ, ಹೆಲ್ಪ್‌ಡೆಸ್ಕಿಗೆ ಫೋನು ಮಾಡಿದಳು.

ಹೀಗೆ ತಪ್ಪು ಮಾಡುವುದನ್ನು ಅವಳು ಕಲಿತಳು. ಅದೂ ಸುಲಭದ ವಿದ್ಯೆಯಲ್ಲ. ಬಹಳ ದೊಡ್ಡ ತಪ್ಪಾದರೆ ಬೈಸಿಕೊಳ್ಳಬೇಕು, ಬಹಳ ಸಣ್ಣದಾದರೆ ಒಂದೇ ನಿಮಿಷದಲ್ಲಿ ಮಾತು ಮುಗಿದುಹೋಗುತ್ತದೆ. ಹತ್ತು ನಿಮಿಷದ ತಪ್ಪು ಬೇಕಾಗುತ್ತಿತ್ತು.

"ಇದ ಎರರ್ ಹೋದ ಮಂಗಳವಾರನೂ ಬಂದಿತ್ತಲ್ರಿ," ಎಂದ ಒಮ್ಮೆ.

"ನಂದು ಮರವು ಭಾಳ್ರಿ."

"ಆರು ನೂರು ಕುರಿ ಕೆಮ್ಮಿನ ಗುರ್ತು ಹಿಡೀತೀರಿ, ಒಂದು ಫೋಲ್ಡರ್ ಹೆಸರು ಮರೀತೀರಿ."

"ಕುರಿ ಬ್ಯಾರೆ, ಫೋಲ್ಡರ್ ಬ್ಯಾರೆ."

"ಅದೂ ಖರೇನ ಬಿಡ್ರಿ," ಎಂದು ನಕ್ಕ. ಅವನ ನಗು ಮೂಗಿನಿಂದ ಶುರುವಾಗಿ ಗಂಟಲಿನಲ್ಲಿ ನಿಲ್ಲುತ್ತಿತ್ತು. ಮನಿಷಾ ಶಬ್ದಗಳನ್ನು ಗುರುತಿಸುವುದರಲ್ಲಿ ಪಳಗಿದವಳು, ಅದನ್ನು ಗುರುತು ಹಾಕಿಕೊಂಡಳು.

ಮಾತು ಎರರನ್ನು ದಾಟಿ ಬೆಳೆಯಿತು, ಅವಳು ಫೋನು ಮಾಡದ ದಿನ ಅವನೇ ಮಾಡತೊಡಗಿದ. ಅವನು ಹೊರಗೆ ಎಂಥ ಸೆಕೆಯಿದ್ದರೂ ಸ್ವೆಟರ್ ಹಾಕಿಕೊಂಡೇ ಕೆಲಸಕ್ಕೆ ಬರುತ್ತಾನೆ, ಆ ಕೋಣೆಯ ಎಸಿ ಅಷ್ಟು ತಣ್ಣಗೆ. ರೊಟ್ಟಿ ಬಡಿಯಲು ಹೋಗಿ ಮೂರು ಸಲ ಹರಿದು, ಈಗ ಬರೀ ಅನ್ನ ಉಣ್ಣುತ್ತಾನೆ. ಇಡೀ ದಿನ ಅವನೊಂದಿಗೆ ಕನ್ನಡ ಮಾತಾಡುವವರಿಲ್ಲ.

"ಈ ಮಷೀನ್ ರೂಮಿನ್ಯಾಗ ಫ್ಯಾನಿನ ಸಪ್ಪಳ ಬಿಟ್ರ ಮತ್ತೇನಿಲ್ರಿ," ಎಂದ.

"ಇಲ್ಲಿ ಅದೂ ಇಲ್ರಿ," ಎಂದಳು ಮನಿಷಾ.

ಅವನ ಕಡೆಯ ಫ್ಯಾನಿನ ಸಪ್ಪಳ ಮಾಳಿಗೆಯ ಮೇಲೆ ಕೇಳಿಸುತ್ತಿತ್ತು. ಅದೂ ಒಂದು ಜೊತೆಯೇ ಆಗಿತ್ತು.

ಇನ್ನೊಂದು ದಿನ ಕೇಳಿದಳು. "ನನ್ನ ಫೈಲ್ ನಿಮಗ ಕಾಣ್ತಾವೇನ್ರಿ?"

"ಹೆಸರು ಕಾಣ್ತೈತಿ, ಎಷ್ಟು ದೊಡ್ಡದು ಅನ್ನೂದು ಕಾಣ್ತೈತಿ. ತೆರದ್ರ ಒಳಗೂ ಕಾಣ್ತೈತಿ, ನಾ ಅಡ್ಮಿನ್ ಅದೀನಲ್ರಿ. ಆದ್ರ ತೆರಿಯೂದಿಲ್ಲ."

"ಒಮ್ಮೆನೂ ತೆರದಿಲ್ಲ?"

"ಯಾರೂ ನೋಡೂದಿಲ್ಲಂತ ನಂಬಿ ಇಟ್ಟಿರ್ತಾರ್ರಿ ಮಂದಿ."

ಸಂಕ್ರಾಂತಿಗೆ ಎರಡು ದಿನವಿದ್ದಾಗ, ಯಮನವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಂದುಕೊಟ್ಟು ಮೆಟ್ಟಿಲ ಮೇಲೆ ಕುಳಿತಳು. "ಯವ್ವಾ, ದಿನಾ ಹನ್ನೊಂದಕ್ಕ ಮಾಳಗಿ ಮ್ಯಾಲ ಯಾರ ಕೂಡ ಮಾತಾಡ್ತಿ?"

"ಕಂಪ್ಯೂಟರ್ ಸರ್ ಅತ್ತಿ. ಕೆಲಸದ್ದು."

"ಕೆಲಸದ್ದು ಮಾತಾಡಾಕ ತಲಿ ಬಾಚ್ಕೊಂಡು ಹೋಗ್ತಾರೇನ?"

ಮನಿಷಾ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ತಲೆ ಬಾಚಿಕೊಳ್ಳುತ್ತಿದ್ದುದು ಅವಳಿಗೂ ಅಲ್ಲಿಯತನಕ ಗೊತ್ತಿರಲಿಲ್ಲ.

ಸಂಕ್ರಾಂತಿಯ ಮರುದಿನ ಕಲ್ಮೇಶ ಬೇರೆ ಏನೋ ಹೇಳುತ್ತ ಹೇಳುತ್ತ, ಹಳೆಯ ಕ್ಲಸ್ಟರನ್ನು ಜನವರಿ ಮೂವತ್ತೊಂದರ ಸಂಜೆ ಐದಕ್ಕೆ ಮುಚ್ಚುತ್ತಾರೆ ಎಂದ. ಹೊಸ ಯಂತ್ರ ಬಂದಿದೆ. ಅದನ್ನು ನೋಡಿಕೊಳ್ಳಲು ಹೊರಗಿನ ಕಂಪನಿ. ಅವನ ಕರಾರೂ ಅದೇ ದಿನ ಮುಗಿಯುತ್ತದೆ. ನಾಗಪುರದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿದೆ.

"ಚಲೋ ಆತಲ್ರಿ," ಎಂದಳು ಮನಿಷಾ.

"ಹೂಂ. ಚಲೋ ಆತು."

ಆಮೇಲೆ ಅವಳು ಸಂಜೆಯವರೆಗೆ ಹೆಡ್‌ಫೋನಿನಲ್ಲಿ ಕೆಮ್ಮು ಕೇಳಿದಳು. ಒಂದನ್ನೂ ಗುರುತಿಸಲಿಲ್ಲ. ಅವನ ಸ್ವಂತ ನಂಬರನ್ನು ಅವಳು ಎಂದೂ ಕೇಳಿರಲಿಲ್ಲ, ಅವನೂ ಕೊಟ್ಟಿರಲಿಲ್ಲ. ಇದ್ದದ್ದು ಹೆಲ್ಪ್‌ಡೆಸ್ಕಿನ ಇಮೇಲ್ ಮತ್ತು ಮೇಜಿನ ಮೇಲಿನ ಫೋನು ಎರಡೇ. ಫೆಬ್ರವರಿ ಒಂದನೇ ತಾರೀಖಿನಿಂದ ಎರಡನ್ನೂ ಬೇರೆ ಯಾರೋ ನೋಡುತ್ತಾರೆ. ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ಅವಳಿಗೆ ಅಂದೇ ಸ್ಪಷ್ಟವಾಗಿ ತಿಳಿದದ್ದು. ಹೇಳದೆ ಉಳಿದರೆ ಈ ಮನೆಯಲ್ಲಿ ಇನ್ನು ಹೆಡ್‌ಫೋನ್ ಹಾಕಿಕೊಂಡರೂ ಖಾಲಿ ಎಂಬುದೂ ತಿಳಿಯಿತು.

ಫೋನಿನಲ್ಲಿ ನೇರವಾಗಿ ಹೇಳುವ ಧೈರ್ಯವಿರಲಿಲ್ಲ. ಮರುದಿನ ಬೆಳಗ್ಗೆ ದಕ್ಷಿಣದ ಮೂಲೆಯಲ್ಲಿ ಕುಳಿತು ರೆಕಾರ್ಡರ್ ಒತ್ತಿ ನಾಲ್ಕು ನಿಮಿಷ ಮಾತಾಡಿದಳು. ಫೈಲಿಗೆ ಕಲ್ಮೇಶ ಎಂದೇ ಹೆಸರಿಟ್ಟು ಕ್ಲಸ್ಟರಿನಲ್ಲಿ ತನ್ನ ಜಾಗದಲ್ಲಿ ಇರಿಸಿದಳು. ಹೆಸರು ಕಾಣುತ್ತದೆ ಎಂದು ಅವನೇ ಹೇಳಿದ್ದನಲ್ಲ. ಕಂಡ ಮೇಲೆ ತೆರೆಯದೆ ಇರುತ್ತಾನೆಯೇ. ಆದರೆ ಇಟ್ಟ ಮರುಗಳಿಗೆ ಅಂಜಿ, ತನ್ನ ಹೊರತು ಯಾರೂ ತೆರೆಯದಂತೆ ಅದಕ್ಕೊಂದು ಪರ್ಮಿಷನ್ನೂ ಹಾಕಿದಳು. ತೆರೆಯಲಿ ಎಂದು ಇಟ್ಟದ್ದೂ ಅವಳೇ, ತೆರೆಯಬಾರದೆಂದು ಮುಚ್ಚಿದ್ದೂ ಅವಳೇ. ಪ್ರೀತಿಯಲ್ಲಿ ಬಿದ್ದವರ ಬುದ್ಧಿ ಅಷ್ಟರಮಟ್ಟಿಗೆ ಇರುತ್ತದೆ.

ಹನ್ನೊಂದಕ್ಕೆ ಫೋನು ಬಂತು. ಕಲ್ಮೇಶ ಡೇಟಾ ಎಷ್ಟು ಹೋಯಿತು ಎಂದು ಕೇಳಿದ, ಬಿಸಿಲು ಹೇಗಿದೆ ಎಂದು ಕೇಳಿದ. ಫೈಲಿನ ಸುದ್ದಿಯಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು. ಅವನ ದನಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಕುರಿಯ ಕೆಮ್ಮು ಕೇಳಿದಂತೆಯೇ ಕೇಳಿದಳು. ಮಾತಿನ ನಡುವೆ ಅವನು ಮೊದಲಿಗಿಂತ ಹೆಚ್ಚು ನಿಲ್ಲುತ್ತಿದ್ದ ಅಷ್ಟೆ. ಇಷ್ಟೊಂದು ಪ್ರಾಮಾಣಿಕ ಮನುಷ್ಯನ ಮೇಲೆ ಅವಳಿಗೆ ಸಿಟ್ಟು ಬಂತು.

ಮೂವತ್ತೊಂದರ ಬೆಳಗ್ಗೆ ಹನ್ನೊಂದಕ್ಕೆ ಕೊನೆಯ ಫೋನು.

"ನಿಮ್ಮ ಕುರಿ ಎಲ್ಲಾ ಹೊಸಾ ಮಷೀನಿಗೆ ದಾಟ್ಯಾವ್ರಿ," ಎಂದ ಕಲ್ಮೇಶ. "ಒಂದ ಫೈಲ್ ಹಿಂದ ಉಳದೈತಿ. ನನ್ನ ಹೆಸರಿಂದು."

ಮನಿಷಾ ಮಾಳಿಗೆಯ ಕಟ್ಟೆ ಹಿಡಿದುಕೊಂಡಳು. "ತೆರದ್ರೇನ್ರಿ?"

"ಇಲ್ಲ."

"ಯಾಕ್ರಿ?"

"ನಿಮ್ಮೊಬ್ಬರಿಗಷ್ಟ ಅಂತ ಪರ್ಮಿಷನ್ ಐತಲ್ರಿ ಅದಕ್ಕ."

"ಹಂಗಾದ್ರ ಅಳಿಸಿಬಿಡ್ರಿ." ಹೇಳಿದ ಮೇಲೆ ತನ್ನ ನಾಲಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

ಫ್ಯಾನಿನ ಸಪ್ಪಳದ ನಡುವೆ ಅವನ ದನಿ ಬಂತು. "ನನ್ನ ಕೈಲೆ ಆಗೂದಿಲ್ರಿ ಅದು. ಹದಿನೈದು ದಿವಸ ಆತು, ಬೆಳಗಾದ್ರ ಬಂದು ಮೊದಲ ಆ ಹೆಸರು ನೋಡ್ತೀನಿ. ನೋಡಿ ಚಾ ಕುಡ್ಯಾಕ ಹೋಗ್ತೀನಿ."

ಮನಿಷಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ನೀವು ಅದನ್ನ ನನಗಂತ ಇಟ್ಟಿದ್ರ, ನನ್ನ ಕೀಲಿ ಹಾಕಿ ಕೊಡ್ರಿ," ಎಂದ. "ನನ್ನ ಕೀಲಿ ಕಳಸ್ತೀನಿ. ಅದನ್ನ ಹಾಕಿದ ಮ್ಯಾಲ ನನ್ನ ಕೀಲಿಕೈಲೆ ಅಷ್ಟ ತೆರೀತೈತಿ. ನಿಮ್ಮ ಕಡೆಯಿಂದನೂ ತೆರಿಯೂದಿಲ್ಲ. ಇಷ್ಟ ಇದ್ರ ಮಾಡ್ರಿ. ಇಲ್ಲಂದ್ರ ಐದಕ್ಕ ಮಷೀನಿನ ಕೂಡ ಅದೂ ಹೋಗ್ತೈತಿ, ನಾವಿಬ್ರೂ ಏನೂ ಮಾಡೂದು ಬ್ಯಾಡ."

ಅವನ ಕೀಲಿ ಒಂದೇ ಸಾಲಿನ ಇಮೇಲಾಗಿ ಬಂತು. ಮನಿಷಾ ಅದನ್ನು ನೋಡುತ್ತ ಮಧ್ಯಾಹ್ನವೆಲ್ಲ ಕಳೆದಳು. ಈಗ ಹಾಕಿ ಕೊಟ್ಟರೆ ತಿರುಗಿ ತೆಗೆಯಲು ಬರುವುದಿಲ್ಲ. ಅಪ್ಪನಿಗೆ ಏನು ಹೇಳುವುದು, ಅವನ ಮನೆಯವರು ಕುರುಬರ ಹುಡುಗಿ ಎಂದರೆ ಏನೆಂದಾರು, ಅವನ ನಾಗಪುರ ಎಲ್ಲಿ, ತನ್ನ ತಿಕೋಂಡಿ ಎಲ್ಲಿ. ಇದನ್ನೆಲ್ಲ ಯೋಚಿಸಿ ಮುಗಿಯುವ ಹೊತ್ತಿಗೆ ನಾಲ್ಕೂಕಾಲಾಗಿತ್ತು.

ಕೀಲಿ ಹಾಕಿದಳು. ಕ್ಲಸ್ಟರಿಗೆ ಕಳಿಸಿದಳು. ಅರ್ಧಕ್ಕೆ ಬಂದಾಗ ಸಂಪರ್ಕ ಕಡಿಯಿತು. ಟಾಕಿಯ ಬಳಿಯಿಂದ ಎದ್ದು ದಕ್ಷಿಣದ ಮೂಲೆಗೆ ಓಡಿದಳು. ಕಡಿದಲ್ಲಿಂದ ಮತ್ತೆ ಎತ್ತಿಕೊಂಡಿತು. ಎಂಬತ್ತು, ತೊಂಬತ್ತು, ಮತ್ತೆ ಕಡಿಯಿತು. ಐದಕ್ಕೆ ಎಂಟು ನಿಮಿಷವಿದ್ದಾಗ ಫೈಲು ಪೂರ್ತಿಯಾಗಿ ಹೋಯಿತು. ಐದರ ಮೇಲೆ ಬಾಗಿಲು ಬಡಿದರೆ ಆ ಕಡೆ ಯಾರೂ ಇರಲಿಲ್ಲ.

ಮುಚ್ಚುವ ಮೊದಲು ಅವನು ಅದನ್ನು ತೆಗೆದುಕೊಂಡನೋ, ಇಲ್ಲ ಯಂತ್ರದೊಂದಿಗೆ ಅದೂ ಅಳಿಯಿತೋ, ಮನಿಷಾಳಿಗೆ ತಿಳಿಯುವ ದಾರಿಯಿರಲಿಲ್ಲ.

ಫೆಬ್ರವರಿ ಒಂದು. ಹನ್ನೊಂದಾಯಿತು, ಹನ್ನೆರಡಾಯಿತು. ಎರಡನೇ ತಾರೀಖು. ಮೂರನೇ ತಾರೀಖು. ಅವಳ ನಂಬರು ಅವನಿಗೆ ಗೊತ್ತಿತ್ತು, ಮಾಡಬಹುದಿತ್ತು, ಮಾಡಲಿಲ್ಲ. ಕೇಳಿ ಬೇಡವೆಂದುಕೊಂಡನೇ, ಕೇಳಲೇ ಇಲ್ಲವೇ. ಎರಡರಲ್ಲಿ ಯಾವುದಾಗಿದ್ದರೆ ಒಳ್ಳೆಯದು ಎಂದು ಅವಳು ಮೂರು ದಿನ ಲೆಕ್ಕ ಹಾಕಿದಳು. ಸಂಜೆ ಅಪ್ಪ ನದಿಯ ದಂಡೆಯಿಂದ ಫೋನು ಮಾಡಿ, ದನಿ ಯಾಕ ಹಿಂಗೈತಿ, ನೆಗಡಿಯೇನ ಎಂದು ಕೇಳಿದ. ಹೌದಪ್ಪ ನೆಗಡಿ ಎಂದಳು.

ನಾಲ್ಕನೆಯ ದಿನ ಕೆಲಸಕ್ಕೆ ಕುಳಿತಳು. ಹೊಸ ಯಂತ್ರಕ್ಕೂ ಹಳೆಯ ವಿಳಾಸವನ್ನೇ ಕೊಟ್ಟಿದ್ದರು. ಸಂಪರ್ಕಿಸುತ್ತಿದ್ದಂತೆ ಪರದೆಯ ತುಂಬ ಎಚ್ಚರಿಕೆ. ಈ ಯಂತ್ರದ ಗುರುತು ಬದಲಾಗಿದೆ, ನಡುವೆ ಯಾರಾದರೂ ಕುಳಿತಿರಬಹುದು ಎಂದು ಅದು ಕೂಗುತ್ತಿತ್ತು. ಹೆಲ್ಪ್‌ಡೆಸ್ಕಿಗೆ ಫೋನು ಮಾಡಿದಳು. ಅಪರಿಚಿತ ದನಿಯೊಂದು, ಹಳೆಯ ಗುರುತು ಅಳಿಸಿ ಎಸ್ ಹೊಡೆಯಿರಿ ಮ್ಯಾಡಮ್, ಎಲ್ಲರೂ ಹಾಗೇ ಮಾಡುತ್ತಿದ್ದಾರೆ ಎಂದಿತು. ಹೊಸ ಗುರುತನ್ನು ಓದಿ ಹೇಳುತ್ತೀರಾ ಎಂದು ಕೇಳಿದಳು. ಅಷ್ಟು ಉದ್ದದ್ದನ್ನು ಯಾರು ಓದುತ್ತಾರೆ ಎಂದು ಆ ದನಿ ನಕ್ಕು ಫೋನಿಟ್ಟಿತು.

ಮನಿಷಾ ಎಸ್ ಹೊಡೆಯಲಿಲ್ಲ. ಗೈಡ್ ಇಮೇಲ್ ಬರೆದು, ಕೆಲಸ ಯಾಕೆ ನಿಂತಿದೆ ಎಂದು ಕೇಳಿದರು. ಆಗಲೂ ಹೊಡೆಯಲಿಲ್ಲ. ಅವನು ಹೇಳಿಕೊಟ್ಟ ಒಂದು ಮಾತನ್ನಾದರೂ ಉಳಿಸಿಕೊಳ್ಳಬೇಕೆಂಬ ಹಟ ಅದು. ಐದನೆಯ ದಿನವೂ ಆ ಎಚ್ಚರಿಕೆಯ ಮುಂದೆ ಸುಮ್ಮನೆ ಕುಳಿತಿದ್ದಳು.

ಹನ್ನೊಂದರ ಸುಮಾರಿಗೆ ಕೆಳಗೆ ಮೋಟರ್ ಸೈಕಲ್ ನಿಂತ ಸಪ್ಪಳ ಬಂತು.

"ಯಾರ್ ಬೇಕ್ರಿ? ಯಾ ಊರಾವ್ರು?" ಯಮನವ್ವನ ದನಿ.

"ಬಾಲಗಾಂವದಾವ್ರಿ. ಶ್ರೀಶೈಲಪ್ಪನ ಮಗ. ಕಂಪ್ಯೂಟರ್ ಕೆಲಸದ ಮ್ಯಾಲ ಬಂದೇನಿ."

ಮನಿಷಾ ಎದ್ದು ಕಟ್ಟೆಯ ಬಳಿ ಹೋಗಿ ಬಗ್ಗಿದಳು. ಬಡಕಲು ಮೈಯ, ಕನ್ನಡಕದ ಒಬ್ಬ ಮನುಷ್ಯ ಅಂಗಳದಲ್ಲಿ ನಿಂತಿದ್ದ. ಇಂಥ ಬಿಸಿಲಿನಲ್ಲಿ ಹೆಗಲ ಮೇಲೆ ಸ್ವೆಟರ್. ಕೈಯಲ್ಲಿ ಮಡಿಚಿದ ಒಂದು ಹಾಳೆ. ದನಿ ಅದೇ. ಆದರೆ ಮುಖವನ್ನು ಅವಳು ಇದುವರೆಗೆ ಕಂಡಿರಲಿಲ್ಲ.

"ನೀವ ಕಲ್ಮೇಶ ಅನ್ನೂದಕ್ಕ ಗುರ್ತೇನ್ರಿ?" ಎಂದು ಮೇಲಿನಿಂದಲೇ ಕೇಳಿದಳು.

ಅವನು ತಲೆಯೆತ್ತಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ.

"ಹದಿನೇಳಲ್ರಿ," ಎಂದ. "ಹತ್ತೊಂಬತ್ತು. ಎಣಿಸೇನಿ ನಾನು."

ಮನಿಷಾ ಬಾಯಿಗೆ ಓಢಣಿ ಒತ್ತಿಕೊಂಡಳು. ಆ ನಾಲ್ಕು ನಿಮಿಷದ ಫೈಲಿನಲ್ಲಿ ಅವಳು ಹೇಳಿದ್ದು ಇದು. "ಹದಿನೇಳು ಸಲ ಬೇಕಂತ ತಪ್ಪು ಮಾಡಿ ನಿಮಗ ಫೋನ್ ಮಾಡೇನ್ರಿ. ನನಗ ಎಲ್ಲಾ ಬರ್ತಿತ್ತು. ನೀವು ಹೋದ ಮ್ಯಾಲ ನಾ ಒಂದೂ ತಪ್ಪು ಮಾಡೂದಿಲ್ಲ. ಅದ ನನಗ ಅಂಜಿಕಿ." ಇದನ್ನು ಕೇಳಿದವನು ಲೋಕದಲ್ಲಿ ಒಬ್ಬನೇ ಇರಲು ಸಾಧ್ಯವಿತ್ತು.

"ಏನ್ ಹದಿನೇಳೋ ಹತ್ತೊಂಬತ್ತೋ," ಎಂದು ಯಮನವ್ವ ಕೊಡ ಎತ್ತಿಕೊಂಡಳು. "ಮ್ಯಾಲ ಹೋಗಪ್ಪ, ಬಿಸಲಾಗ ನಿಂದರಬ್ಯಾಡ. ನಾ ಚಾ ಕಾಸ್ತೀನಿ."

ಅವನು ಮೇಲೆ ಬಂದು ಕಟ್ಟೆಯ ಈ ತುದಿಗೆ ಕುಳಿತ, ಅವಳು ಆ ತುದಿಗೆ. ಅವನು ಟಾಕಿಯನ್ನು ನೋಡಿದ, ದಕ್ಷಿಣದ ಮೂಲೆಯನ್ನು ನೋಡಿದ, ನಡುವಿನ ಎಂಟು ಹೆಜ್ಜೆಯನ್ನು ಕಣ್ಣಿನಲ್ಲೇ ಅಳೆದ.

"ಐದು ದಿವಸ ಯಾಕ ಫೋನ್ ಮಾಡ್ಲಿಲ್ರಿ?" ಎಂದಳು ಕೊನೆಗೆ.

"ಫೋನಿನ್ಯಾಗ ಹೇಳಿದ್ರ ನೀವು ನಂಬತಿದ್ದಿಲ್ಲ. ನಾನ ಕಲಿಸೇನಲ್ರಿ." ಹಾಳೆಯನ್ನು ಬಿಡಿಸುತ್ತ, ಅವಳ ಕಡೆ ನೋಡದೆ ಮುಂದುವರಿಸಿದ. "ಮನ್ಯಾಗ ಅವ್ವಗ ಹೇಳೇನಿ. ಮೊದಲನೇ ದಿವಸ ಸಿಟ್ಟಾದ್ಲು, ಎರಡನೇ ದಿವಸ ಮಾತ ಬಿಟ್ಲು. ನಿನ್ನಿ, ಆ ಹುಡುಗಿಗೆ ರೊಟ್ಟಿ ಬಡ್ಯಾಕ ಬರ್ತೈತೇನ ಅಂತ ಕೇಳಿದ್ಲು. ಲಗೂನ ಆಗೂ ಮಾತಲ್ರಿ ಇದು. ಸೋಮವಾರ ನಾಗಪುರಕ್ಕ ಹೋಗಬೇಕು. ಅದಕ್ಕಿಂತ ಮೊದಲ ನಿಮ್ಮಪ್ಪ ಎಲ್ಲಿ ಕುರಿ ನಿಲ್ಲಿಸ್ಯಾರ, ಆ ಹೊಲ ಹೇಳ್ರಿ. ನಾ ಹೋಗಿ ಕಂಡು ಬರ್ತೀನಿ."

"ನಮ್ಮಪ್ಪ ಭಾಳ ಮಾತಾಡೂದಿಲ್ರಿ."

"ನಾನೂ ಫೋನಿನ್ಯಾಗಷ್ಟ ಮಾತಾಡೂದು."

ಮೂಗಿನಿಂದ ಶುರುವಾದ ಆ ನಗು ಗಂಟಲಿನಲ್ಲಿ ನಿಂತಿತು. ಮನಿಷಾ ಅದನ್ನು ಮೊದಲ ಬಾರಿ ಕಣ್ಣಿನಿಂದ ನೋಡಿದಳು. ನಗುವಾಗ ಅವನ ಎಡಗೆನ್ನೆ ಮಾತ್ರ ಸುಕ್ಕುಗಟ್ಟುತ್ತಿತ್ತು.

"ಲ್ಯಾಪ್‌ಟಾಪ್ ತಗೀರಿ," ಎಂದ. "ಹೊಸಾ ಮಷೀನಿನ ಗುರ್ತು. ಕೊನೇ ದಿವಸ ಅದರ ಮುಂದ ಕುಂತು ನನ್ನ ಕೈಲೆ ಬರಕೊಂಡೇನಿ."

ಅವನು ಓದಿದ. ಸಣ್ಣ ಎನ್, ದೊಡ್ಡ ಆರ್, ನಾಲ್ಕು, ಸಣ್ಣ ವಿ. ಪ್ರತಿ ಅಕ್ಷರಕ್ಕೂ ನಿಂತು ಅವಳ ಹೂಂಗೆ ಕಾದ. ಫ್ಯಾನಿನ ಸಪ್ಪಳವಿರಲಿಲ್ಲ. ಮೂವತ್ತರ ಆಸುಪಾಸಿಗೆ ಬರುವಾಗ ಮನಿಷಾಳ ಹೂಂ ನಿಂತುಹೋಯಿತು. ಪರದೆಯ ಮೇಲಿನ ಅಕ್ಷರಗಳೆಲ್ಲ ನೀರಿನಲ್ಲಿ ಕಲಸಿಹೋಗಿದ್ದವು.

"ತಪ್ಪೇತ್ರಿ," ಎಂದಳು. "ಎಲ್ಲಿದ್ದೆ ಅಂತ ತಿಳೀವಲ್ದು. ಮತ್ತೊಮ್ಮೆ ಓದ್ತೀರೇನ್ರಿ?"

"ಇದು ಇಪ್ಪತ್ತನೇದು," ಎಂದ ಕಲ್ಮೇಶ. "ಖರೇದೋ, ಬೇಕಂತ ಮಾಡಿದ್ದೋ?"

"ಖರೇದ್ರಿ."

ಅವನು ಕಟ್ಟೆಯ ಮೇಲೆ ಅವಳ ಕಡೆಗೆ ಒಂದಿಷ್ಟು ಸರಿದು ಕುಳಿತ. ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು, ಮೊದಲನೆಯ ಅಕ್ಷರದಿಂದ ಮತ್ತೆ ಓದತೊಡಗಿದ.